ಮರುಭೂಮಿಗೆ ಹೊರಟ ಮನೆ

ಮನೆಯನ್ನು ಬಿಟ್ಟು ಹೊರಡುವುದಕ್ಕೆ ಪ್ರವಾಸವೆಂದು ಹೆಸರು. ಆದರೆ ಮನೆಯನ್ನೇ ಜೊತೆಯಲ್ಲಿ ಕರೆದೊಯ್ಯುವ ಪ್ರವಾಸಿಗರೂ ಜಗತ್ತಿನಲ್ಲಿ ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂತಹವರು ಬಳಸುವ ವಾಹನವನ್ನು ಮೋಟಾರ್‌ಹೋಮ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ದೊಡ್ಡ ಮೋಟಾರ್‌ಹೋಮು ನಮ್ಮ ಸಾರಿಗೆ ಸಂಸ್ಥೆಯ ಬಸ್ಸಿನಂತೆಯೇ ಕಾಣುತ್ತದೆ; ಉದ್ದವೂ ಹೆಚ್ಚುಕಡಮೆ ಅಷ್ಟೇ. ಒಳಗೆ ಕಾಲಿಟ್ಟವರಿಗೆ ಮಾತ್ರ ಅದು ಬಸ್ಸಲ್ಲವೆಂಬುದು ತಿಳಿಯುತ್ತದೆ. ಅಡಿಗೆಯ ಒಲೆ, ಊಟದ ಮೇಜು, ಹಾಸಿಗೆ ಹಾಸಿದ ಮಂಚ, ಸ್ನಾನದ ಕೋಣೆ, ಶೌಚಗೃಹ ಎಲ್ಲವೂ ಅಲ್ಲಿವೆ. ಕುಡಿಯುವ ನೀರಿಗೊಂದು ತೊಟ್ಟಿ, ಬಳಸಿದ ನೀರಿಗೊಂದು ತೊಟ್ಟಿ, ಶೌಚದ ನೀರಿಗೆ ಮತ್ತೊಂದು ತೊಟ್ಟಿ ನೆಲದಡಿಯಲ್ಲಿ ಅಡಗಿವೆ. ಇಷ್ಟನ್ನೂ ಹೊತ್ತು ಸಾಗುವ ಈ ಮನೆ ಒಂದು ಲೀಟರ್ ಇಂಧನಕ್ಕೆ ಮೂರೋ ನಾಲ್ಕೋ ಕಿಲೋಮೀಟರ್ ಓಡಿದರೆ ಹೆಚ್ಚು.

ಇಂತಹ ವಾಹನಗಳನ್ನು ಕೈಬೀಸಿ ಕರೆಯುವ ಸೀಮೆ ಆ ದೇಶದ ನೈರುತ್ಯದ ಮರುಭೂಮಿ. ಅದು ಮರಳಿನ ಕಡಲಲ್ಲ, ಕಲ್ಲಿನ ನಾಡು. ಕಾಡು, ಕಣಿವೆ, ಬಂಡೆಗಳನ್ನು ಎಲ್ಲ ಜನರ ಸೊತ್ತಾಗಿ ಕಾಪಾಡಬೇಕೆಂಬ ವಿಚಾರದಿಂದ 1872ರಲ್ಲಿ ಯೆಲ್ಲೋಸ್ಟೋನ್ ಪ್ರದೇಶವನ್ನು ಅಮೆರಿಕದವರು ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಿದರು. ಮರುಭೂಮಿಯ ಸರದಿ ತಡವಾಗಿ ಬಂದಿತು. ಗ್ರ್ಯಾಂಡ್ ಕ್ಯಾನ್ಯನ್ ಮತ್ತು ಜಯಾನ್ 1919ರಲ್ಲಿ, ಬ್ರೈಸ್ ಕ್ಯಾನ್ಯನ್ 1928ರಲ್ಲಿ ಉದ್ಯಾನಗಳಾದವು. ‘ಸಾವಿನ ಕಣಿವೆ’ ಎಂಬ ಅರ್ಥದ ಹೆಸರುಳ್ಳ ಡೆತ್ ವ್ಯಾಲಿಗೆ ಆ ಪದವಿ ದೊರೆತದ್ದು 1994ರಲ್ಲಿ.

ಈ ನಾಡಿನಲ್ಲಿ ಯೋಜನೆ ಹಾಕಿ ಹೊರಟವರಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬಾತನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಈತ 1869ರ ಮೇ ತಿಂಗಳಲ್ಲಿ ಒಂಬತ್ತು ಸಂಗಡಿಗರು, ನಾಲ್ಕು ದೋಣಿಗಳು ಮತ್ತು ಹತ್ತು ತಿಂಗಳಿಗೆ ಸಾಕಾಗುವಷ್ಟು ಆಹಾರದೊಡನೆ ನದಿಗಿಳಿದನು. ಮೊದಲ ಕೆಲವು ವಾರಗಳಲ್ಲಿಯೇ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ದವಸದ ದೊಡ್ಡ ಪಾಲು ನೀರುಪಾಲಾಯಿತು. ಕಡೆಗೆ ಉಳಿದದ್ದು ಮುಗ್ಗಿದ ಹಿಟ್ಟು, ಒಣಗಿದ ಸೇಬು ಮತ್ತು ಕಾಫಿ. ಆಗಸ್ಟ್ 28ರಂದು ಮೂವರು ಬೇಸತ್ತು ನದಿಯನ್ನು ಬಿಟ್ಟು ದಡ ಹತ್ತಿ ನಡೆದರು, ಅವರು ಕೊಲೆಯಾದರು. ಉಳಿದವರು ಎರಡೇ ದಿನಗಳಲ್ಲಿ ಕಮರಿಯಿಂದ ಸುರಕ್ಷಿತವಾಗಿ ಹೊರಬಂದರು. ಎರಡು ದಿನದ ದಾರಿ ಮಾತ್ರ ಉಳಿದಿದೆಯೆಂದು ಹೇಳುವ ನಕ್ಷೆ ಆ ಮೂವರ ಬಳಿ ಇರಲಿಲ್ಲ. ಇಂದಿನವರ ಬಳಿ ನಕ್ಷೆಗಳಿಗೆ ಬರವಿಲ್ಲ. ಆದರೂ ಇಂದಿನ ಪ್ರಯಾಣಿಕ ಬೇರೆ ಬಗೆಯ ಲೆಕ್ಕವನ್ನು ಹಾಕಬೇಕಾಗುತ್ತದೆ.

ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳೋಣ. ತಂದೆ, ತಾಯಿ, ಇಬ್ಬರು ಮಕ್ಕಳು, ಸೋದರಮಾವ. ಜೊತೆಗೆ ಚಿತ್ರದುರ್ಗದ ಕಡೆಯಿಂದ ಬಂದ ಅಜ್ಜಿ. ಅಜ್ಜಿಗೆ ಮಂಡಿನೋವು. ಗಂಟೆಗಟ್ಟಲೆ ಕಾರಿನಲ್ಲಿ ಕುಳಿತಿರಲಾರರು. ಬೇಕೆನಿಸಿದಾಗ ಮಲಗಬೇಕು, ಶೌಚಗೃಹ ಹತ್ತಿರವಿರಬೇಕು. ಆದುದರಿಂದ 38 ಅಡಿ ಉದ್ದದ ಮೋಟಾರ್‌ಹೋಮನ್ನು ಬಾಡಿಗೆಗೆ ಪಡೆಯುವುದೆಂದು ನಿಶ್ಚಯವಾಯಿತು. ಕ್ಯಾಲಿಫೋರ್ನಿಯಾದಲ್ಲಿ 40 ಅಡಿಯವರೆಗಿನ ಇಂತಹ ವಾಹನವನ್ನು ನಡೆಸಲು ಸಾಮಾನ್ಯ ಕಾರಿನ ಪರವಾನಗಿಯೇ ಸಾಕು. ನಿನ್ನೆಯವರೆಗೆ ಕಾರು ನಡೆಸುತ್ತಿದ್ದವನು ಇಂದು ಬಸ್ಸಿನಷ್ಟು ಉದ್ದದ ಮನೆಯನ್ನು ಬೆಟ್ಟದ ತಿರುವಿನಲ್ಲಿ ತಿರುಗಿಸಬಹುದೆಂಬ ಈ ನಿಯಮ ಎಷ್ಟು ವಿವೇಕದ್ದೋ ಹೇಳಲಾಗದು. ಬಾಡಿಗೆ ವಾಹನದ ಹಿಂದೆ ಕಾರನ್ನು ಕಟ್ಟಲು ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ ಮಾವ ತನ್ನ ಚಿಕ್ಕ ಕಾರಿನಲ್ಲಿ ಹಿಂಬಾಲಿಸುವುದೆಂದಾಯಿತು. ಈ ಚಿಕ್ಕ ಕಾರು ಮುಂದೆ ಎಷ್ಟು ಉಪಕಾರಿಯಾಯಿತೆಂಬುದನ್ನು ನೋಡುವಿರಿ.

ಮೊದಲ ತೊಡಕು ಕಾಲದ್ದು. ಮಕ್ಕಳಿಗೆ ದೀರ್ಘ ರಜೆ ಇರುವುದು ಜುಲೈಯಲ್ಲಿ. ಆದರೆ ಡೆತ್ ವ್ಯಾಲಿಯಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಗರಿಷ್ಠ ಉಷ್ಣಾಂಶ 46 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. 1913ರ ಜುಲೈ 10ರಂದು ಅಲ್ಲಿ 56.7 ಡಿಗ್ರಿ ದಾಖಲಾಯಿತು. ಲೋಕದಲ್ಲಿ ದಾಖಲಾದ ಗಾಳಿಯ ಉಷ್ಣಾಂಶಗಳಲ್ಲಿ ಅದೇ ಅತ್ಯಧಿಕವೆಂದು ಅಂಗೀಕೃತವಾಗಿದೆ. ಇದು ಕೇವಲ ಬೆವರಿನ ಪ್ರಶ್ನೆಯಲ್ಲ. 2024ರ ಜುಲೈ 6ರಂದು ಆರು ಮಂದಿ ಮೋಟಾರ್‌ಸೈಕಲ್ ಸವಾರರು ಆ ಕಣಿವೆಯ ಮೂಲಕ ಹಾದು ಹೋಗುತ್ತಿದ್ದಾಗ ಒಬ್ಬನು ಬಿಸಿಲಿನ ಹೊಡೆತದಿಂದ ಸತ್ತನು. ನೆರವಿಗೆ ಹೆಲಿಕಾಪ್ಟರ್ ಬರಲಾಗಲಿಲ್ಲ. ಗಾಳಿ ಅತಿಯಾಗಿ ಕಾದಾಗ ಹಿಗ್ಗಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳಿಗೆ ಆಧಾರ ಸಾಲದು. ಬಿಸಿಲಿಗೆ ಸಿಕ್ಕಿದವನನ್ನು ಕಾಪಾಡಲು ಬರುವವರನ್ನೂ ಬಿಸಿಲೇ ತಡೆಯುತ್ತದೆಂಬುದನ್ನು ತಿಳಿದ ಮೇಲೆ ತಾಯಿ ಜುಲೈಯ ಮೇಲೆ ಗೀಟು ಎಳೆದಳು.

ಹಾಗಾದರೆ ಡಿಸೆಂಬರ್? ಡೆತ್ ವ್ಯಾಲಿಗೆ ಅದು ಹಿತವಾದ ಕಾಲವೇ. ಆದರೆ ಬ್ರೈಸ್ ಕ್ಯಾನ್ಯನ್ ಆಗ ಹಿಮದಲ್ಲಿ ಹುದುಗಿರುತ್ತದೆ. ಎರಡೂ ಮರುಭೂಮಿಯ ಉದ್ಯಾನಗಳೆಂದು ಕರೆಸಿಕೊಂಡರೂ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಬ್ರೈಸ್‌ನ ಅಂಚು 2,400 ಮೀಟರಿಗೂ ಎತ್ತರದಲ್ಲಿದೆ. ಬ್ರೈಸ್‌ನ ಕೆಂಪು ಕಲ್ಲಿನ ಕಂಬಗಳನ್ನು ಕಡೆದದ್ದೇ ಚಳಿ: ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ, ಹಗಲಿನಲ್ಲಿ ಕರಗುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳ ವಸಂತದ ರಜೆಯನ್ನು ಆರಿಸಿದರು. ಆಗಲೂ ಕಣಿವೆಯ ತಳದಲ್ಲಿ ಹಗಲು 32 ಡಿಗ್ರಿಯ ಸೆಕೆ. ಬ್ರೈಸ್‌ನಲ್ಲಿ ರಾತ್ರಿ ಶೂನ್ಯಕ್ಕಿಂತ ಕೆಳಗಿನ ಚಳಿ. ಕಲ್ಲನ್ನು ಸೀಳುವ ನೀರು ಮೋಟಾರ್‌ಹೋಮಿನ ಕೊಳವೆಯನ್ನು ಬಿಡುತ್ತದೆಯೆ? ಅಲ್ಲಿ ರಾತ್ರಿ ಹೊರಗಿನ ನೀರಿನ ಕೊಳವೆಯನ್ನು ಕಳಚಿಟ್ಟು ಒಳಗೆ ಬೆಚ್ಚಗಿರಿಸಬೇಕೆಂದು ತಂದೆ ಬರೆದುಕೊಂಡನು.

ಎರಡನೆಯ ತೊಡಕು ಅಳತೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ದಾರಿ ಇದ್ದಷ್ಟು ಗಾಡಿ ಚಾಚಬೇಕು. ಡೆತ್ ವ್ಯಾಲಿಯಲ್ಲಿ ಬಣ್ಣಬಣ್ಣದ ಗುಡ್ಡಗಳ ನಡುವೆ ಸುತ್ತುವ ‘ಆರ್ಟಿಸ್ಟ್ಸ್ ಡ್ರೈವ್’ ಎಂಬ ರಸ್ತೆಗೆ 25 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ಮರಗಳ ನಡುವಿನ ಮೇಥರ್ ತಂಗುದಾಣದಲ್ಲಿ 30 ಅಡಿಯೇ ಮಿತಿ. ಉದ್ದದ ವಾಹನಗಳಿಗೆ ಪಕ್ಕದಲ್ಲಿ ಬೇರೆ ತಾಣವುಂಟು. ಜಯಾನ್‌ನ ವಾಚ್‌ಮನ್ ತಂಗುದಾಣದಲ್ಲಿ ವಿದ್ಯುತ್ ಸಂಪರ್ಕ ದೊರೆಯುತ್ತದೆ, ನೀರಿನ ಸಂಪರ್ಕವಿಲ್ಲ. ಅಲ್ಲಿನ ಜಾಗವನ್ನು ಆರು ತಿಂಗಳು ಮುಂಚಿತವಾಗಿ ಕಾದಿರಿಸಬಹುದು. ಕಾದಿರಿಸದವನಿಗೆ ಜಾಗ ಸಿಕ್ಕರೆ ಅದು ಅದೃಷ್ಟ. ಹೀಗೆ ಏಪ್ರಿಲ್ ತಿಂಗಳ ಪ್ರವಾಸ ಅಕ್ಟೋಬರಿನಲ್ಲಿಯೇ ಆರಂಭವಾಯಿತೆನ್ನಬೇಕು.

ಎಲ್ಲಕ್ಕಿಂತ ಕಠಿಣವಾದುದು ಜಯಾನ್‌ನ ಸುರಂಗ. ಜಯಾನ್‌ನಿಂದ ಪೂರ್ವಕ್ಕೆ ಹೋಗುವ ದಾರಿಯಲ್ಲಿ ಬಂಡೆಯ ಒಡಲನ್ನು ಕೊರೆದು ಸುಮಾರು 1.8 ಕಿಲೋಮೀಟರ್ ಉದ್ದದ ಸುರಂಗವನ್ನು ಮಾಡಿ 1930ರಲ್ಲಿ ತೆರೆದರು. ಅಲ್ಲಲ್ಲಿ ಬಂಡೆಯಲ್ಲಿಯೇ ಕಿಟಕಿಗಳನ್ನು ಕತ್ತರಿಸಿದ್ದಾರೆ. ಅವುಗಳ ಮೂಲಕ ಕಣಿವೆ ಮಿಂಚಿ ಮರೆಯಾಗುತ್ತದೆ. ಅಂದಿನ ಮೋಟಾರು ಗಾಡಿಗಳು ಗಿಡ್ಡ. ಸುರಂಗದ ಮಾಡು ಕಮಾನಿನಾಕಾರದ್ದಾದ ಕಾರಣ ಅಂಚಿನಲ್ಲಿ ಎತ್ತರ ಕಡಮೆ. 11 ಅಡಿ 4 ಅಂಗುಲಕ್ಕಿಂತ ಎತ್ತರದ ವಾಹನ ತನ್ನ ಬದಿಯಲ್ಲಿ ಸಾಗಿದರೆ ನೆತ್ತಿ ಬಂಡೆಗೆ ತಾಗುತ್ತದೆ, ನಡುವೆಯೇ ಸಾಗಬೇಕು. ದಶಕಗಳ ಕಾಲ ಕಾವಲುಗಾರರು ಶುಲ್ಕ ಪಡೆದು, ಎದುರಿನ ಸಂಚಾರವನ್ನು ತಡೆದು, ಅಂತಹ ವಾಹನಗಳನ್ನು ನಡುದಾರಿಯಲ್ಲಿ ಕಳುಹಿಸುತ್ತಿದ್ದರು. 2026ರ ನಡುಭಾಗದಿಂದ ದೊಡ್ಡ ವಾಹನಗಳು ಬೇರೆ ದಾರಿಯನ್ನು ಹಿಡಿಯಬೇಕೆಂದು ಉದ್ಯಾನದ ಆಡಳಿತ ಪ್ರಕಟಿಸಿತು. ಕುಟುಂಬದ ವಾಹನದ ಎತ್ತರ ಹನ್ನೆರಡೂವರೆ ಅಡಿ. ಬಹಳ ಚರ್ಚೆಯಾದ ಮೇಲೆ ತೀರ್ಮಾನ ಹೀಗಾಯಿತು: ಅಜ್ಜಿ, ತಾಯಿ ಮತ್ತು ಮಕ್ಕಳು ಮಾವನ ಚಿಕ್ಕ ಕಾರಿನಲ್ಲಿ ಸುರಂಗವನ್ನು ನೋಡಿಕೊಂಡು ಹೋಗುವುದು, ತಂದೆಯೊಬ್ಬನೇ ಬರಿದಾದ ಮನೆಯನ್ನು ನಡೆಸಿಕೊಂಡು ದೂರದ ಹೆದ್ದಾರಿಯಲ್ಲಿ ಬಳಸಿ ಬ್ರೈಸ್ ಸೇರುವುದು. ಮನೆಯ ಯಜಮಾನನಿಗೆ ಮಾತ್ರ ಸುರಂಗದ ಕಿಟಕಿಗಳು ಕಾಣುವ ಯೋಗವಿಲ್ಲ.

ಇನ್ನು ನೀರು. ವಾಹನದ ತೊಟ್ಟಿ 350 ಲೀಟರ್ ಹಿಡಿಯುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಮರುಭೂಮಿಯಲ್ಲಿ ಒಬ್ಬನಿಗೆ ದಿನಕ್ಕೆ ನಾಲ್ಕು ಲೀಟರಿನಷ್ಟು ಕುಡಿಯುವ ನೀರು ಇರಬೇಕು. ಆರು ಮಂದಿಗೆ 24 ಲೀಟರ್. ಅಡಿಗೆ, ಪಾತ್ರೆ ಬೇರೆ. ನೀರಿನ ತುಂತುರಿನ ಕೆಳಗೆ ನಿಂತು ಎಲ್ಲರೂ ಮನಸ್ಸಿಗೆ ಬಂದಷ್ಟು ಹೊತ್ತು ಮಿಂದರೆ ತೊಟ್ಟಿ ಒಂದೇ ದಿನದಲ್ಲಿ ಬರಿದಾದೀತು. 350 ಲೀಟರ್ ನೀರೆಂದರೆ 350 ಕಿಲೋಗ್ರಾಂ ಭಾರವೂ ಹೌದು. ಭಾರ ತಗ್ಗಿಸಲೆಂದು ತೊಟ್ಟಿಯನ್ನು ಅರೆ ಖಾಲಿ ಒಯ್ಯುವ ಚಾಲಕರಿದ್ದಾರೆ. ಬೇರೆಡೆ ಅದು ಜಾಣತನವಿರಬಹುದು, ಈ ದಾರಿಯಲ್ಲಿ ಅಲ್ಲ. ಮತ್ತೊಂದು ಸಂಗತಿಯನ್ನು ಹೊಸಬರು ಮರೆಯುತ್ತಾರೆ. ಬಳಸಿದ ನೀರನ್ನು ನೆಲಕ್ಕೆ ಚೆಲ್ಲುವಂತಿಲ್ಲ. ನಿಗದಿಯಾದ ಸ್ಥಳದಲ್ಲಿಯೇ ಖಾಲಿ ಮಾಡಬೇಕು. ಆದುದರಿಂದ ಒಂದು ತೊಟ್ಟಿ ಬತ್ತುವ ಮೊದಲೇ ಇನ್ನೊಂದು ತುಂಬಿ ಪ್ರಯಾಣ ನಿಲ್ಲಬಹುದು. ಈ ಲೆಕ್ಕವನ್ನು ಕೇಳಿ ಅಜ್ಜಿ ನಕ್ಕರು. ಬಯಲುಸೀಮೆಯಲ್ಲಿ ಕೊಡದ ಲೆಕ್ಕದಲ್ಲಿ ಸಂಸಾರ ನಡೆಸಿದವರು ಅವರು. ಒಂದು ಬಕೆಟ್ಟು, ಒಂದು ಚೊಂಬು ಕೊಂಡರೆ ಆರು ಜನರ ಸ್ನಾನ ಅರವತ್ತು ಲೀಟರಿನಲ್ಲಿ ಮುಗಿಯುತ್ತದೆಂದು ತೋರಿಸಿಕೊಟ್ಟರು. ಯೋಜನೆಯ ಹಾಳೆಯಲ್ಲಿ ಚೊಂಬಿಗೂ ಒಂದು ಸಾಲು ದೊರೆಯಿತು.

ಬ್ರೈಸ್‌ನಿಂದ ದಕ್ಷಿಣಕ್ಕೆ ಹೊರಟ ದಾರಿ ಪೇಜ್ ಎಂಬ ಊರಿನ ಬಳಿ ಕೊಲೊರಾಡೊ ನದಿಯನ್ನು ದಾಟುತ್ತದೆ. ಅಲ್ಲಿನ ಅಣೆಕಟ್ಟಿನ ಹಿಂದೆ ನಿಂತ ಜಲಾಶಯಕ್ಕೆ ಪೊವೆಲನ ಹೆಸರನ್ನೇ ಇಟ್ಟಿದ್ದಾರೆ. ಅದರಾಚೆ ನವಾಹೊ ಜನರ ನಾಡು. ಆ ನೆಲದಲ್ಲಿ ಬಹು ಕಾಲದಿಂದ ಬಾಳಿದ ಈ ಮೂಲನಿವಾಸಿಗಳಿಗೆ ತಮ್ಮದೇ ಸರಕಾರವಿದೆ. ಇಂದಿಗೂ ಅಲ್ಲಿ ಕೊಳಾಯಿಯ ನೀರಿಲ್ಲದ ಮನೆಗಳು ಸಾವಿರಾರು. ಜನ ಪಿಕಪ್ ವಾಹನಗಳಲ್ಲಿ ಪೀಪಾಯಿ ಇಟ್ಟುಕೊಂಡು ದೂರದಿಂದ ನೀರು ಹೊತ್ತು ತರುತ್ತಾರೆ. ಆ ಮನೆಗಳ ಮುಂದಿನ ಹೆದ್ದಾರಿಯಲ್ಲಿ ಪ್ರವಾಸಿಗರ ಮನೆಗಳು ನೂರಾರು ಲೀಟರ್ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಗುತ್ತವೆ. ಆದುದರಿಂದ ತೊಟ್ಟಿಯನ್ನು ಪೇಜ್‌ನಲ್ಲಿಯೇ ತುಂಬಿಕೊಳ್ಳುವುದು, ನಡುವೆ ಎಲ್ಲಿಯೂ ನೀರು ಕೇಳದಿರುವುದು ಎಂದು ತಾಯಿ ಬರೆಸಿದಳು.

ಈ ಒಂದು ದಿನದಲ್ಲಿ ಗಡಿಯಾರವೂ ಆಟವಾಡುತ್ತದೆ. ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಯೂಟಾ ಪಾಲಿಸುತ್ತದೆ, ಅರಿಜೋನ ಪಾಲಿಸುವುದಿಲ್ಲ. ಅರಿಜೋನದೊಳಗಿನ ನವಾಹೊ ನಾಡು ಮತ್ತೆ ಪಾಲಿಸುತ್ತದೆ. ಬೆಳಿಗ್ಗೆ ಯೂಟಾ ಬಿಟ್ಟವರು ಪೇಜ್‌ನಲ್ಲಿ ಒಂದು ಗಂಟೆ ಗಳಿಸಿ, ನವಾಹೊ ನಾಡಿನಲ್ಲಿ ಅದನ್ನು ಕಳೆದುಕೊಂಡು, ಗ್ರ್ಯಾಂಡ್ ಕ್ಯಾನ್ಯನ್ ಸೇರುವಾಗ ಮತ್ತೆ ಗಳಿಸುತ್ತಾರೆ. ಅಜ್ಜಿಯ ಮಾತ್ರೆಗಳನ್ನು ಯಾವ ಗಡಿಯಾರ ನೋಡಿ ಕೊಡಬೇಕೆಂಬುದು ಚರ್ಚೆಯಾಗಿ, ಅವರ ಕೈಗಡಿಯಾರವನ್ನು ಮುಟ್ಟದೆ ಲಾಸ್ ಏಂಜಲೀಸ್ ವೇಳೆಗೇ ಬಿಡುವುದೆಂದಾಯಿತು.

ಕಡೆಯ ನಿಲುಗಡೆ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು. ಉತ್ತರದ ಅಂಚನ್ನೂ ನೋಡಬೇಕೆಂದು ಮಕ್ಕಳು ಹಟ ಹಿಡಿದರು. ನಕ್ಷೆಯಲ್ಲಿ ಎರಡರ ನಡುವೆ ಬೆರಳಿನ ಅಗಲವಷ್ಟೆ. ಹಕ್ಕಿಗೆ ಅದು 16 ಕಿಲೋಮೀಟರ್; ರಸ್ತೆಯಲ್ಲಿ ಸುಮಾರು 345. ಸಾಲದುದಕ್ಕೆ ಉತ್ತರದ ಅಂಚಿನ ದಾರಿ ಹಿಮದ ಕಾರಣ ಚಳಿಗಾಲದಲ್ಲಿ ಮುಚ್ಚಿ ಮೇ ತಿಂಗಳ ನಡುವಿನವರೆಗೆ ತೆರೆಯುವುದಿಲ್ಲ. ಅಲ್ಲಿನ ಹಳೆಯ ವಸತಿಗೃಹವಂತೂ 2025ರ ಜುಲೈಯ ಕಾಡುಗಿಚ್ಚಿನಲ್ಲಿ ಸುಟ್ಟುಹೋಯಿತು. ತಂದೆ ದಕ್ಷಿಣದ ಅಂಚಿನಲ್ಲಿಯೇ ಇನ್ನೊಂದು ರಾತ್ರಿಯನ್ನು ಸೇರಿಸಿದನು. ಅಂಚಿನುದ್ದಕ್ಕೂ ಉದ್ಯಾನದ ಬಸ್ಸುಗಳು ಶುಲ್ಕವಿಲ್ಲದೆ ಓಡಾಡುತ್ತವೆ. ಸಮತಟ್ಟಾದ ಕಾಲುದಾರಿಯೂ ಇದೆ. ದೊಡ್ಡ ಮನೆಯನ್ನು ಎರಡು ದಿನ ನಿಲ್ಲಿಸಿಬಿಟ್ಟರೆ ಅಜ್ಜಿ ತಮ್ಮ ಮಂಡಿಗೆ ಒಪ್ಪುವಷ್ಟು ದೂರ ನಡೆದು, ಕುಳಿತು, ಮತ್ತೆ ನಡೆಯಬಹುದು. ಹಾಳೆಯ ಆ ಎರಡು ದಿನಗಳ ಮುಂದೆ ಕಿಲೋಮೀಟರಿನ ಅಂಕಣವನ್ನು ಖಾಲಿ ಬಿಡಲಾಯಿತು.