ಎರಡು ಕಾಲ, ಒಂದು ಗಾಯ: ‘ವಾಂಟಿಂಗ್’ ಕಾದಂಬರಿಯ ಅಧ್ಯಯನ

ಐತಿಹಾಸಿಕ ಕಾದಂಬರಿಯು ಸಾಮಾನ್ಯವಾಗಿ ಒಂದೇ ಕಾಲಪ್ರವಾಹವನ್ನು ಅನುಸರಿಸುತ್ತದೆ. ಟಾಸ್ಮೇನಿಯ ದ್ವೀಪದ ಲೇಖಕರಾದ ರಿಚರ್ಡ್ ಫ್ಲ್ಯಾನಗನ್ ಅವರು 2008ರಲ್ಲಿ ಪ್ರಕಟಿಸಿದ ‘ವಾಂಟಿಂಗ್’ ಕಾದಂಬರಿಯಾದರೋ ಎರಡು ಕಾಲಗಳನ್ನು ಒಂದರೊಡನೊಂದು ಹೆಣೆದಿದೆ. ಆ ಇಂಗ್ಲಿಷ್ ಪದಕ್ಕೆ ಬಯಕೆ, ಕೊರತೆ ಎಂಬ ಎರಡು ಅರ್ಥಗಳುಂಟು. ಕೃತಿಯ ತಿರುಳೂ ಅವೆರಡರಲ್ಲಿಯೇ ಅಡಗಿದೆ.

ಮೊದಲನೆಯ ಎಳೆಯು ಮ್ಯಾಥಿನಾ ಎಂಬ ಮೂಲನಿವಾಸಿ ಬಾಲೆಯದು. ಈಕೆ ಕಲ್ಪಿತ ಪಾತ್ರವಲ್ಲ. ಬ್ರಿಟಿಷರು ಆಕೆಯ ಜನರನ್ನು ತಾಯ್ನೆಲದಿಂದ ಕಿತ್ತು ಫ್ಲಿಂಡರ್ಸ್ ದ್ವೀಪದಲ್ಲಿ ಇರಿಸಿದರು. ಅಲ್ಲಿ ಅನೇಕರು ರೋಗಕ್ಕೆ ತುತ್ತಾದರು. 1837ರಿಂದ 1843ರವರೆಗೆ ಟಾಸ್ಮೇನಿಯದ ಗವರ್ನರನಾಗಿದ್ದ ಸರ್ ಜಾನ್ ಫ್ರಾಂಕ್ಲಿನ್ ಹಾಗೂ ಅವನ ಪತ್ನಿ ಜೇನ್, ‘ನಾಗರಿಕಳನ್ನಾಗಿ’ ಮಾಡುವೆವೆಂದು ಆ ಬಾಲೆಯನ್ನು ತಮ್ಮ ಮನೆಗೆ ಕರೆತಂದರು. ಅಧಿಕಾರ ಮುಗಿದು ಹೊರಡುವಾಗ ಆಕೆಯನ್ನು ಹೋಬಾರ್ಟ್ ನಗರದ ಅನಾಥಾಲಯದಲ್ಲಿ ಬಿಟ್ಟುಹೋದರು. ಎಳೆಯ ಹರೆಯದಲ್ಲಿಯೇ ಆಕೆ ತೀರಿಕೊಂಡಳು.

ಎರಡನೆಯ ಎಳೆಯು 1850ರ ದಶಕದ ಲಂಡನ್ನಿನದು. 1845ರಲ್ಲಿ ಉತ್ತರ ಧ್ರುವ ಪ್ರದೇಶಕ್ಕೆ ನೌಕಾಯಾನ ಹೊರಟ ಫ್ರಾಂಕ್ಲಿನ್ ಹಿಂದಿರುಗಲಿಲ್ಲ. ಹಸಿದ ನಾವಿಕರು ನರಮಾಂಸ ತಿಂದರೆಂಬ ಸ್ಥಳೀಯರ ಹೇಳಿಕೆಯನ್ನು 1854ರಲ್ಲಿ ಜಾನ್ ರೇ ವರದಿಮಾಡಿದನು. ಚಾರ್ಲ್ಸ್ ಡಿಕನ್ಸ್ ಅದನ್ನು ಅಲ್ಲಗಳೆದು ಬರೆದನು. ಬಯಕೆಯನ್ನು ಗೆಲ್ಲುವುದೇ ನಾಗರಿಕತೆ, ಗೆಲ್ಲದವನು ಕಾಡುಮನುಷ್ಯ ಎಂಬುದು ಕಾದಂಬರಿಯ ಡಿಕನ್ಸ್‌ನ ನಂಬಿಕೆ. ಆದರೆ 1857ರಲ್ಲಿ ‘ದಿ ಫ್ರೋಜನ್ ಡೀಪ್’ ನಾಟಕದಲ್ಲಿ ತ್ಯಾಗವೀರನ ಪಾತ್ರ ವಹಿಸುತ್ತಲೇ ಅವನು ಎಲೆನ್ ಟರ್ನನ್ ಎಂಬ ತರುಣ ನಟಿಗೆ ಮನಸೋತನು.

ಈ ನಂಬಿಕೆಗೆ ಮೊದಲ ಎಳೆಯೇ ಉತ್ತರ. ತಾಯ್ತನದ ಹಂಬಲವಿದ್ದೂ ಜೇನ್ ಅದನ್ನು ಅದುಮಿಕೊಂಡು ಮಗುವನ್ನು ಪ್ರಯೋಗದ ವಸ್ತುವಾಗಿಸುತ್ತಾಳೆ. ರಕ್ಷಕನಾಗಬೇಕಾದ ಗವರ್ನರನೇ ಬಾಲೆಯ ಮೇಲೆ ಅತ್ಯಾಚಾರವೆಸಗುತ್ತಾನೆ. ಈ ಕೊನೆಯ ಸಂಗತಿಯು ಕಾದಂಬರಿಕಾರರ ಕಲ್ಪನೆಯೇ ಹೊರತು ಚರಿತ್ರೆಯ ದಾಖಲೆಯಲ್ಲವೆಂಬುದನ್ನು ಓದುಗರು ಮರೆಯಲಾಗದು. ಕರೆತಂದದ್ದು, ಕೈಬಿಟ್ಟದ್ದು ಮಾತ್ರ ಚರಿತ್ರೆ.

1842ರಲ್ಲಿ ಥಾಮಸ್ ಬಾಕ್ ಎಂಬ ಕಲಾವಿದನು ಕೆಂಪು ಉಡುಪಿನ ಮ್ಯಾಥಿನಾಳನ್ನು ಚಿತ್ರಿಸಿದನು. ಕಾದಂಬರಿಯಲ್ಲಿ ಆ ಚಿತ್ರದ ಬರಿಗಾಲುಗಳನ್ನು ಚೌಕಟ್ಟು ಮರೆಮಾಡುತ್ತದೆ. ಬೋಧಕರೂ ವಿದ್ಯಾದಾನಿಗಳೂ ಮನನ ಮಾಡಬೇಕಾದ ಸಂಗತಿಯಿದು. ಅನ್ನ, ಅರಿವೆ, ಅಕ್ಷರ ಎಲ್ಲವನ್ನೂ ಕೊಟ್ಟು, ಮಗುವು ನಡೆದುಬಂದ ಕಾಲುಗಳನ್ನೇ ಮರೆಮಾಡಿದರೆ ಅದು ಶಿಕ್ಷಣವೆನಿಸದು. ನಡುದಾರಿಯಲ್ಲಿ ಕೈಬಿಡುವ ಕರುಣೆಯಂತೂ ಕ್ರೌರ್ಯದಷ್ಟೇ ಆಳವಾದ ಗಾಯವನ್ನು ಮಾಡುತ್ತದೆ.