ಸೆಲೆನಿಯಂ ಡ್ರಮ್ ಕಲಿಸಿದ ಆರು ಪಾಠ

ಜಯನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಜೆರಾಕ್ಸ್ ಅಂಗಡಿಗಳ ಮೆಷಿನ್ ರಿಪೇರಿ ನನ್ನ ಕಸುಬು. ಕಾಪಿಯ ಅಚ್ಚು ಮೊದಲು ಮೂಡುವ ಉರುಳೆಯೇ ಡ್ರಮ್; ಈಗಿನ ಡ್ರಮ್‌ಗಳಿಗೆ ಹೆಚ್ಚಾಗಿ ಸಾವಯವ ಲೇಪ. ನಾನು ಕೈ ಪಳಗಿಸಿಕೊಂಡದ್ದು ಸೆಲೆನಿಯಂ ಡ್ರಮ್ಮಿನ ಮೇಲೆ. ಆ ಮೂಲವಸ್ತುವಿನ ಗುಣ ಗೊತ್ತಿದ್ದರೆ ಅರ್ಧ ರಿಪೇರಿ ಬಂದಂತೆಯೇ.

1. ಡ್ರಮ್ಮನ್ನು ಕತ್ತಲಲ್ಲಿಡಿ. ಅಲ್ಯೂಮಿನಿಯಂ ಉರುಳೆಯ ಮೇಲಿನ ಸೆಲೆನಿಯಂ ಪದರ ಕತ್ತಲಲ್ಲಿ ಚಾರ್ಜ್ ಹಿಡಿದಿಡುತ್ತದೆ, ಬೆಳಕು ಬಿದ್ದ ಕಡೆ ಬಿಟ್ಟುಕೊಡುತ್ತದೆ. ಅಕ್ಷರದ ಜಾಗಕ್ಕೆ ಬೆಳಕು ಬೀಳದೆ ಚಾರ್ಜ್ ಉಳಿದು, ಟೋನರ್ ಪುಡಿ ಅಲ್ಲಿ ಕೂರುತ್ತದೆ. 1873ರಲ್ಲಿ ವಿಲ್ಲೋಬಿ ಸ್ಮಿತ್ ತಿಳಿಸಿದ ಈ ಗುಣವೇ 1959ರ ಜೆರಾಕ್ಸ್ 914 ಯಂತ್ರದ ಜೀವಾಳ. ಡ್ರಮ್ ಹೊರತೆಗೆದ ಕೂಡಲೇ ಕಪ್ಪು ಬಟ್ಟೆ ಸುತ್ತಿ. ಬಿಸಿಲು ತಿಂದ ಡ್ರಮ್ ಮಸುಕು ಕಾಪಿ ಕೊಟ್ಟರೆ, ಮೊದಲು ಕತ್ತಲಲ್ಲಿ ವಿಶ್ರಾಂತಿ ಕೊಟ್ಟು ನೋಡಿ.

2. ನೀಲಿ ಶಾಯಿಯನ್ನು ನಂಬಬೇಡಿ. ಶುದ್ಧ ಸೆಲೆನಿಯಂಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲವೆನ್ನಬಹುದು. ಹಾಗಾಗಿ ಕ್ರಯಪತ್ರದ ಕೆಂಪು ಮೊಹರು ಕಪ್ಪಾಗಿ ಮೂಡುತ್ತಿತ್ತು, ನೀಲಿ ಪೆನ್ನಿನ ಸಹಿ ಬಿಳಿ ಹಾಳೆಯಂತೆಯೇ ಕಂಡು ತೆಳುವಾಗುತ್ತಿತ್ತು. ಗಿರಾಕಿ ಮೆಷಿನ್ನನ್ನು ಬೈಯುವ ಮೊದಲು ಶಾಯಿಯ ಬಣ್ಣ ನೋಡಿ.

3. ಶಾಖ ತಾಗಿಸಬೇಡಿ. ಡ್ರಮ್ ಮೇಲಿರುವುದು ಗಾಜಿನಂಥ ಸೆಲೆನಿಯಂ. ಕಾದರೆ ಅದು ಬೂದು ಬಣ್ಣದ ಹರಳಾಗಿ, ಕತ್ತಲಲ್ಲೂ ಚಾರ್ಜ್ ಸೋರಿಸುತ್ತದೆ. ಕಪ್ಪು ಅಚ್ಚಿನ ನಡುವೆ ಬಿಳಿ ಚುಕ್ಕೆಗಳು ಬೀಳುತ್ತವೆ. ಏಪ್ರಿಲ್‌ನಲ್ಲಿ ಶೀಟ್ ಸೂರಿನ ಅಂಗಡಿಯ ಅಟ್ಟದಲ್ಲಿ ಬಿಡಿ ಡ್ರಮ್ ಇಡಬೇಡಿ. ಹರಳುಗಟ್ಟಿದ ಪದರವನ್ನು ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ.

4. ಅಂಚು ಹಿಡಿದೇ ಎತ್ತಿ. ಬೆರಳಿನ ಜಿಡ್ಡು, ಉಗುರಿನ ಗೀರು ಎರಡೂ ಪ್ರತಿ ಕಾಪಿಯಲ್ಲೂ ಕಾಣಿಸಿಕೊಳ್ಳುತ್ತವೆ.

5. ಟೋನರ್ ಬೆರೆಸಬೇಡಿ. ಸೆಲೆನಿಯಂ ಡ್ರಮ್ಮಿಗೆ ಪಾಸಿಟಿವ್ ಚಾರ್ಜ್ ಕೊಡುತ್ತಾರೆ, ಸಾವಯವ ಡ್ರಮ್ಮಿಗೆ ಸಾಮಾನ್ಯವಾಗಿ ನೆಗೆಟಿವ್. ಪುಡಿಯ ಬಣ್ಣ ಒಂದೇ ಕಪ್ಪು. ಅದು ಹೊರುವ ಚಾರ್ಜ್ ಬೇರೆ. ಅಗ್ಗಕ್ಕೆ ಸಿಕ್ಕಿತೆಂದು ಸುರಿದರೆ ಹಾಳೆಯೆಲ್ಲ ಮಸಿ.

6. ಹಳೆ ಡ್ರಮ್ಮನ್ನು ಕೆರೆಯಬೇಡಿ, ಸುಡಬೇಡಿ. ದೇಹಕ್ಕೆ ಸೆಲೆನಿಯಂ ಬೇಕು, ಆದರೆ ದಿನಕ್ಕೆ ಸುಮಾರು 55 ಮೈಕ್ರೋಗ್ರಾಂ ಸಾಕು, ಅತಿಯಾದರೆ ವಿಷ. ಕೆಲವು ಡ್ರಮ್‌ಗಳಲ್ಲಿ ಆರ್ಸೆನಿಕ್ ಕೂಡ ಬೆರೆತಿರುತ್ತದೆ. ಅಲ್ಯೂಮಿನಿಯಂ ಆಸೆಗೆ ಬೆಂಕಿಗೆ ಹಾಕಿದರೆ ಏಳುವ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ತಾಮ್ರ ಶುದ್ಧೀಕರಣದ ಕೆಸರಿನಿಂದ ಬರುವ ಸೆಲೆನಿಯಂ ಗಾಜಿನ ಹಸಿರು ಛಾಯೆ ಕಳೆಯಲು, ಕೆಲವು ಡಿಜಿಟಲ್ ಮ್ಯಾಮೊಗ್ರಫಿ ಯಂತ್ರಗಳಲ್ಲಿ ಎಕ್ಸ್‌ರೇ ಹಿಡಿಯಲು ಇಂದಿಗೂ ಬೇಕು. ಹಾಗಾಗಿ ಹಳೆ ಡ್ರಮ್ಮನ್ನು ಗುಜರಿಗೆ ಎಸೆಯದೆ, ಪರವಾನಗಿ ಇರುವ ಇ-ತ್ಯಾಜ್ಯ ಮರುಬಳಕೆದಾರರಿಗೇ ಕೊಡಿ.