ಸ್ವತಂತ್ರ ತಂತ್ರಾಂಶವೂ ಮುಚ್ಚಿದ ಸಂಕೇತವೂ: ಒಂದು ವಿವೇಚನೆ

ಆಂಗ್ಲಭಾಷೆಯ ‘ಫ್ರೀ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಬೆಲೆಯಿಲ್ಲದೆ ದೊರೆಯುವುದೊಂದು, ಕಟ್ಟಿಲ್ಲದಿರುವುದು ಇನ್ನೊಂದು. ಕನ್ನಡದಲ್ಲಿ ಈ ಸಂದಿಗ್ಧತೆಗೆ ಎಡೆಯಿಲ್ಲ. ಮೊದಲನೆಯದು ಉಚಿತ, ಎರಡನೆಯದು ಸ್ವತಂತ್ರ. ಬಳಸಲು, ಓದಿ ತಿಳಿಯಲು, ತಿದ್ದಲು, ಹಂಚಲು ಯಾವ ತಂತ್ರಾಂಶದಲ್ಲಿ ಎಲ್ಲರಿಗೂ ಅಧಿಕಾರವಿದೆಯೋ ಅದೇ ಸ್ವತಂತ್ರ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಗ್ನೂ ಯೋಜನೆಯನ್ನು ಸಾರಿದುದು ಈ ಅರ್ಥದಲ್ಲಿಯೇ. ಅದಕ್ಕೆ ಮುಂಚೆ ತಮ್ಮ ಪ್ರಯೋಗಾಲಯದ ಮುದ್ರಣಯಂತ್ರವನ್ನು ನಡೆಸುವ ತಂತ್ರಾಂಶದ ಮೂಲಸಂಕೇತ ಅವರಿಗೆ ದೊರೆತಿರಲಿಲ್ಲ. ಹೀಗೆ ಈ ಚಿಂತನೆಯ ಬೇರಿನಲ್ಲಿಯೇ ಒಂದು ಚಾಲಕ ತಂತ್ರಾಂಶದ ಪ್ರಶ್ನೆಯಿದೆ.

ಇಲ್ಲಿ ಎರಡು ಪದಗಳ ಭೇದವನ್ನು ಗಮನಿಸಬೇಕು. ಡ್ರೈವರ್ ಅಥವಾ ಚಾಲಕವೆಂಬುದು ಗಣಕದ ಮುಖ್ಯ ಸಂಸ್ಕಾರಕದಲ್ಲಿ ನಡೆದು, ಜೋಡಿಸಿದ ಉಪಕರಣದೊಡನೆ ವ್ಯವಹರಿಸುತ್ತದೆ. ಫರ್ಮ್‌ವೇರ್ ಎಂಬುದು ಆ ಉಪಕರಣದೊಳಗೇ ನಡೆಯುವ ಸಂಕೇತ. ಚಾಲಕವು ಸ್ವತಂತ್ರವಾಗಿದ್ದರೂ ಫರ್ಮ್‌ವೇರ್ ತಯಾರಕರ ಗುಟ್ಟಾಗಿಯೇ ಉಳಿದಿರಬಹುದು.

ಈ ವಿಷಯಕ್ಕೆ ಡೆಬಿಯನ್ ಉತ್ತಮ ನಿದರ್ಶನ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಕಾರ್ಯಾಚರಣ ವ್ಯವಸ್ಥೆ, ತಾನು ಸಂಪೂರ್ಣ ಸ್ವತಂತ್ರವಾಗಿರುವೆನೆಂದು 1997ರ ಸಾಮಾಜಿಕ ಒಡಂಬಡಿಕೆಯಲ್ಲಿ ಮಾತು ಕೊಟ್ಟಿತು. 2011ರ ಆವೃತ್ತಿಯಲ್ಲಿ ಲಿನಕ್ಸ್ ತಿರುಳಿನಿಂದಲೂ ಮುಚ್ಚಿದ ಫರ್ಮ್‌ವೇರನ್ನು ಬೇರ್ಪಡಿಸಿ, ಬೇಕಾದವರು ಪಡೆಯುವಂತೆ ಪ್ರತ್ಯೇಕ ಭಂಡಾರದಲ್ಲಿರಿಸಿತು.

ಇದರಿಂದ ತೊಡಕೊಂದು ಹುಟ್ಟಿತು. ತಂತಿಯ ಜಾಲಕ್ಕೆ ಕಿಂಡಿಯಿಲ್ಲದ ಹೊಸ ಮಡಿಲಗಣಕದಲ್ಲಿ ನಿಸ್ತಂತು ಸಂಪರ್ಕಕ್ಕೆ ಫರ್ಮ್‌ವೇರ್ ಬೇಕು. ಫರ್ಮ್‌ವೇರ್ ತರಲು ಸಂಪರ್ಕ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತಾಯಿತು. ಕಣ್ಣು ಕಾಣದವರ ಪಾಡು ಇನ್ನೂ ಕಠಿಣ. ಅನುಸ್ಥಾಪನೆಯ ಹಂತಗಳನ್ನು ಅವರು ಧ್ವನಿಯ ಮೂಲಕ ಕೇಳಬೇಕು. ಧ್ವನಿಯ ಉಪಕರಣವೇ ಫರ್ಮ್‌ವೇರಿಲ್ಲದೆ ಮೂಕವಾದರೆ ಅವರು ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ.

ಆದುದರಿಂದ ಸೇರಿಸಬೇಕೆಂಬುದು ಒಂದು ಪಕ್ಷ. ಪ್ರತಿಪಕ್ಷದ ವಾದವೂ ದುರ್ಬಲವಲ್ಲ. ಯಾರೂ ಓದಲಾಗದ ಸಂಕೇತದ ದೋಷವನ್ನು ತಯಾರಕರಲ್ಲದೆ ಇತರರು ತಿದ್ದಲಾರರು. ಅದನ್ನು ಸುಲಭವಾಗಿ ಒಪ್ಪಿಕೊಂಡರೆ ತೆರೆದು ತೋರಿಸುವ ಅಗತ್ಯ ತಯಾರಕರಿಗಾದರೂ ಏಕೆ ತೋರೀತು? ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನದ ನಿಲುವು ಇದೇ. ಟ್ರಿಸ್ಕ್ವೆಲ್ ಮೊದಲಾದ ವ್ಯವಸ್ಥೆಗಳು ಈ ನಿಯಮವನ್ನು ಪಾಲಿಸುತ್ತವೆ.

ಡೆಬಿಯನ್ ಸದಸ್ಯರು ಮತದಾನ ನಡೆಸಿ 2022ರ ಅಕ್ಟೋಬರ್ 1ರಂದು ಒಡಂಬಡಿಕೆಗೆ ತಿದ್ದುಪಡಿ ತಂದರು. ಅದರಂತೆ 2023ರ ಜೂನ್ 10ರಂದು ಹೊರಬಂದ 12ನೆಯ ಆವೃತ್ತಿಯ ಅನುಸ್ಥಾಪಕದಲ್ಲಿ ಅಗತ್ಯ ಫರ್ಮ್‌ವೇರ್ ಸೇರಿತು. ಆದರೆ ಅದಕ್ಕೆ ಪ್ರತ್ಯೇಕ ವಿಭಾಗವನ್ನೇ ಕಲ್ಪಿಸಲಾಯಿತು; ಯಾವುದನ್ನು ಬಳಸಲಾಗಿದೆಯೆಂದು ಬಳಕೆದಾರನಿಗೆ ತಿಳಿಸುವ, ಬೇಡವೆನ್ನುವವನಿಗೆ ತಡೆಯುವ ಅವಕಾಶವನ್ನಿಡುವ ಸಂಕಲ್ಪವೂ ನಿರ್ಣಯದಲ್ಲಿತ್ತು. ಈ ರಿಯಾಯಿತಿ ಫರ್ಮ್‌ವೇರಿಗೆ ಮಾತ್ರ. ಎನ್‌ವಿಡಿಯಾ ಸಂಸ್ಥೆಯ ಸ್ವಾಮ್ಯದ ಚಾಲಕಗಳಂಥವು ಹೊರಗಿನ ಭಂಡಾರದಲ್ಲಿಯೇ ಉಳಿದವು.

ನಿಯಮವನ್ನು ಸಡಿಲಿಸುವುದು ಬೇರೆ, ಸಡಿಲಿಸಿದುದನ್ನು ಮರೆಮಾಚುವುದು ಬೇರೆ. ಹೊಸಬನನ್ನು ಒಳಗೆ ಕರೆದುಕೊಂಡು, ಯಾವ ಕೋಣೆಗೆ ಇನ್ನೂ ಬೀಗವಿದೆಯೆಂದು ತೋರಿಸಿಕೊಡುವ ಮನೆ ಪ್ರಾಮಾಣಿಕವಾದುದು. ಬೀಗವಿರುವುದನ್ನು ಅರಿತವನು ಮಾತ್ರ ಮುಂದೊಂದು ದಿನ ಕೀಲಿಕೈಯನ್ನು ಕೇಳಿಯಾನು. ಶಾಲೆಯ ಗಣಕ ಕೊಠಡಿಯಲ್ಲಿ ವಿದ್ಯಾರ್ಥಿಗಳಿಗೆ ಸ್ವತಂತ್ರ ತಂತ್ರಾಂಶವನ್ನು ಕಲಿಸುವ ಉಪಾಧ್ಯಾಯರು ಬಳಕೆಯ ಕ್ರಮದೊಡನೆ ಈ ಅರಿವನ್ನೂ ಕೊಟ್ಟರೆ ಪಾಠ ಪೂರ್ಣವಾಗುತ್ತದೆ.